ಬಾವಿಯ ಎರಡು ಸಾಲು

ಆಶಾಲತಾ ಅಮ್ಮನ್ನ ಅವರ ಬಲಗೈ ಹೆಬ್ಬೆರಳು ಸುಮ್ಮನಿರುವುದಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಊರಿನ ಮನೆಯಲ್ಲಿ ಚಹಾ ಕುಡಿಯುವಾಗಲೂ ಅದು ಲೋಟದ ಅಂಚನ್ನು ಒತ್ತುತ್ತಲೇ ಇರುತ್ತದೆ. ಹದಿನಾಲ್ಕು ವರ್ಷಗಳಿಂದ ಅವರದು ಒಂದೇ ಕೆಲಸ. ಗೀತನಾಟಕಗಳ ಅಪೆರಾ ಮಂದಿರದ ಹಿಂಬದಿಯ ಗಾಜಿನ ಗೂಡಿನಲ್ಲಿ ಕುಳಿತು, ಜರ್ಮನ್ನಿನಲ್ಲೋ ಇಟಾಲಿಯನ್ನಿನಲ್ಲೋ ಹಾಡುವ ಪ್ರತಿ ಸಾಲಿನ ಇಂಗ್ಲಿಷ್ ಅನುವಾದವನ್ನು ರಂಗದ ಮೇಲಿನ ಪರದೆಗೆ ಬಿಡುವುದು. ಬಟನ್ನಿಗೆ ಸಾಲಿಗೊಂದು ಒತ್ತು. ಎದುರಿಗೆ ಸ್ವರಲಿಪಿಯ ಪುಸ್ತಕ. ಅದನ್ನು ಓದಲು ಅವರು ಕಲಿತದ್ದು ಮಂಗಳೂರಿನ ಬಲ್ಮಠದ ಚರ್ಚಿನಲ್ಲಿ, ಬಾಸೆಲ್ ಮಿಷನ್ನಿನವರು ತಂದ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡುವಾಗ.

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ಹಾಡುಗಾರ ಬಾಯಿ ತೆರೆಯುವ ಮೊದಲು ಅವನ ಮಾತು ಪರದೆಗೆ ಬರಬಾರದು. ಬಂದರೆ ನಗೆಯ ಸಾಲಿಗೆ ಜನ ಮೊದಲೇ ನಕ್ಕುಬಿಡುತ್ತಾರೆ.

ಕಳೆದ ವಸಂತದಲ್ಲಿ ಮೂರು ಪ್ರದರ್ಶನಗಳಿಗೆ ಬಂದದ್ದು ಜರ್ಮನ್ ಪುರಾಣದ ಮೇಲೆ ಕಟ್ಟಿದ ಹತ್ತೊಂಬತ್ತನೆಯ ಶತಮಾನದ ಅಪೆರಾ. ಅದರ ಕರ್ತೃ, ಬಯಕೆಯೇ ಸಂಕಟ ಎನ್ನುವ ಆ ಕಾಲದ ತತ್ವಜ್ಞಾನವನ್ನು ಹಚ್ಚಿಕೊಂಡವನು. ಹಾಗಾಗಿ ಅವನ ದೇವತೆಗಳು ಗೆಲ್ಲುವುದಿಲ್ಲ, ಕೊನೆಗೆ ತಮ್ಮ ಅಳಿವನ್ನು ತಾವೇ ಒಪ್ಪಿಕೊಳ್ಳುತ್ತಾರೆ. ಎರಡನೇ ಅಂಕದಲ್ಲಿ ಯೋಧರು ಪವಿತ್ರ ಬಾವಿಯ ಸುತ್ತ ನಿಂತು, ನಮ್ಮ ರಕ್ತದವನಲ್ಲದವನು ಈ ನೀರು ಕುಡಿಯಬಾರದು ಎಂದು ಹಾಡುತ್ತಾರೆ. ತುಸು ತಡೆದು ಬಾವಿಯ ದೇವತೆ ಉತ್ತರ ಕೊಡುತ್ತಾಳೆ: ನೀವು ಓಡಿಸಿದವನೇ ಈ ಬಾವಿ ತೋಡಿದವನು. ನಾತ್ಸಿಗಳ ಕಾಲದಲ್ಲಿ ಸಭೆಗಳಲ್ಲಿ ಯೋಧರ ಹಾಡನ್ನಷ್ಟೇ ನುಡಿಸುತ್ತಿದ್ದರು. ಉತ್ತರ ಬರುವ ಮೊದಲೇ ವಾದ್ಯ ನಿಲ್ಲುತ್ತಿತ್ತು.

ಮೊದಲ ಪ್ರದರ್ಶನದಲ್ಲಿ ಯೋಧರ ಮಾತು ಪರದೆಗೆ ಬಂದೊಡನೆ ಮುಂದಿನ ಆಸನಗಳಲ್ಲಿದ್ದ ಏಳೆಂಟು ಯುವಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೇವತೆಯ ದನಿ ಆ ಸದ್ದಿನಲ್ಲಿ ಮುಳುಗಿತು. ಮರುದಿನ ನಿರ್ದೇಶಕಿ, ಆ ಜಾಗದಲ್ಲಿ ಪರದೆ ಖಾಲಿ ಇರಲಿ ಎಂದರು. ಅರ್ಥ ತಿಳಿಯದೆ ರಾಗಕ್ಕೆ ತಲೆದೂಗುವುದು ಇನ್ನೂ ಕೆಟ್ಟದ್ದು ಎಂದು ಆಶಾಲತಾ ವಾದಿಸಿದರು. ನಿಮಗಾಗದಿದ್ದರೆ ಒತ್ತಲು ಬೇರೆಯವರಿದ್ದಾರೆ ಎಂಬ ಉತ್ತರ ಬಂತು.

ಮನೆಯಲ್ಲಿ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಡ ಉಮಾನಾಥ ಅವರಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ. ಅವರು ನೋಡಿ ನೋಡಿ ಕೊನೆಗೆ ಕೇಳಿದರು.

“ಎಂತ ಮಾರಾಯ್ತಿ, ಒಂದೇ ಪಾತ್ರೆ ಎಷ್ಟು ಸಲ ತೊಳೆಯುದು?”

“ಒಂದು ಸಾಲು ಬಿಡ್ಲಿಕ್ಕೆ ಹೇಳಿದ್ದಾರೆ.”

“ಬಿಡು. ಬಟನ್ ಒತ್ತದೆ ಇರ್ಲಿಕ್ಕೂ ಸಂಬಳ ಉಂಟಲ್ಲ.”

“ನಿಮ್ಮ ಲ್ಯಾಬಲ್ಲಿ ಬೇಡದ ರಿಸಲ್ಟು ಬಂದ್ರೆ ನೀವು ಪೇಜು ಹರಿದು ಬಿಸಾಡ್ತೀರಾ?”

ಉಮಾನಾಥ ಟವೆಲು ತಂದು ಪಾತ್ರೆ ಒರೆಸತೊಡಗಿದರು.

ಎರಡನೇ ಪ್ರದರ್ಶನಕ್ಕೆ ಮುಂಚೆ ಆಶಾಲತಾ ಆ ಎರಡೂ ಸಾಲುಗಳನ್ನು ಒಂದೇ ಸ್ಲೈಡಿನಲ್ಲಿ, ಒಂದರ ಕೆಳಗೊಂದು ಕೂರಿಸಿದರು. ಯೋಧರು ಬಾಯಿ ತೆರೆದಾಗ ಒತ್ತಿದರು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ, ಇನ್ನೂ ಹಾಡದ ಮಾತು ಪರದೆಯಲ್ಲಿತ್ತು. ಅಂದೂ ಅಂಥದೇ ಗುಂಪೊಂದು ಬಂದಿತ್ತು. ಅರ್ಧ ಎದ್ದವರು ಕೆಳಗಿನ ಸಾಲು ಓದಿ ಕೂತರು. ಯಾರದೋ ಚಪ್ಪಾಳೆ ಎರಡು ಸಲ ಕೇಳಿ ನಿಂತಿತು. ದೇವತೆಯ ಉತ್ತರ ಕೊನೆಯ ಆಸನದವರೆಗೂ ಮುಟ್ಟಿತು.

ಪ್ರದರ್ಶನ ಮುಗಿದ ಮೇಲೆ ದೇವತೆಯ ಪಾತ್ರದ ಗಾಯಕಿ, ಬಣ್ಣವನ್ನೂ ತೆಗೆಯದೆ, ನೇರ ಗೂಡಿಗೆ ಬಂದರು. ನಾನು ಹೇಳಬೇಕಾದ್ದನ್ನು ನೀವೇ ಮೊದಲು ಹೇಳಿಬಿಟ್ಟಿರಿ ಎಂದರು. ಅದು ನಿಜ. ಆಶಾಲತಾ ಕ್ಷಮೆ ಕೇಳಿದರು. ಸ್ಲೈಡು ಬದಲಿಸುತ್ತೇನೆ ಎನ್ನಲಿಲ್ಲ. ನಿರ್ದೇಶಕಿ ಗೂಡಿನ ಬೀಗದ ಕೈ ವಾಪಸು ಪಡೆದರು. ಸ್ಲೈಡು ಹಾಗೇ ಇರುತ್ತದೆಯೇ ಎಂದು ಆಶಾಲತಾ ಕೇಳಿದ್ದಕ್ಕೆ ಗೂಡಿನ ದೀಪ ಆರಿಸಿ ಹೊರಟರು.

ಭಾನುವಾರ ಮಧ್ಯಾಹ್ನದ ಕೊನೆಯ ಪ್ರದರ್ಶನಕ್ಕೆ ಆಶಾಲತಾ ಟಿಕೆಟು ತೆಗೆದುಕೊಂಡು ಬಾಲ್ಕನಿಯಲ್ಲಿ ಕುಳಿತರು, ಪಕ್ಕದಲ್ಲಿ ಉಮಾನಾಥ. ಗೂಡಿನಲ್ಲಿ ಬೇರೆ ಯಾರೋ ಇದ್ದರು. ಮೊದಲ ಅಂಕದಲ್ಲಿ ಏನು ಹಾಡಿದರೋ ಅವರಿಗೆ ನೆನಪಿಲ್ಲ. ಎರಡನೆಯದರಲ್ಲಿ ಯೋಧರು ಬಾವಿಯ ಸುತ್ತ ಸರಿದು ನಿಂತರು. ಹೆಬ್ಬೆರಳು ಕುರ್ಚಿಯ ಕೈಯನ್ನು ಒತ್ತಿ ಹಿಡಿಯಿತು.

ಪರದೆಯ ಮೇಲೆ ಎರಡೂ ಸಾಲು ಒಟ್ಟಿಗೆ ಬಂದವು. ಯಾರೂ ಏಳಲಿಲ್ಲ.

“ಮತ್ತೆಂತ, ನೀನು ಹೇಳಿದ್ದೇ ಆಯ್ತಲ್ಲ,” ಉಮಾನಾಥ ಪಿಸುಗುಟ್ಟಿದರು.

“ಅರ್ಧ ಮಾತ್ರೆ ಬೇಗ ಒತ್ತಿದ್ರು,” ಎಂದರು ಆಶಾಲತಾ. ಹೆಬ್ಬೆರಳು ಆಗಲೇ ಮುಂದಿನ ಸಾಲಿಗೆ ಎದ್ದಿತ್ತು.