ಅದೇ ಗುಳ್ಳೆ, ಮತ್ತೆ ಪರೀಕ್ಷೆ

ಅಮೆರಿಕದ ಮೇರಿಲ್ಯಾಂಡಿನ ಔಷಧ ಪರವಾನಗಿ ಕಚೇರಿಯಲ್ಲಿ ಲೋವೆಲ್ ಪ್ರೂಯಿಟ್ ಎಂಬ ಹಿರಿಯ ಪರೀಕ್ಷಕರಿದ್ದಾರೆ. ದೇವರು ಒಂದರಂತೆ ಇನ್ನೊಂದನ್ನು ಸೃಷ್ಟಿಸಿದ್ದಾನೆಂದು ಅವರು ಇದುವರೆಗೆ ಒಪ್ಪಿದ್ದಿಲ್ಲ. ಔಷಧವನ್ನು ದೇಹದೊಳಕ್ಕೆ ಹೊತ್ತೊಯ್ಯುವ ಕೊಬ್ಬಿನ ಗುಳ್ಳೆ ಒಮ್ಮೆ ಪರೀಕ್ಷೆಯಲ್ಲಿ ಪಾಸಾದರೆ, ಅದೇ ಗುಳ್ಳೆಯಲ್ಲಿ ಬರುವ ಮುಂದಿನ ಔಷಧಕ್ಕೆ ಹಳೆಯ ಪುರಾವೆಯೇ ಸಾಕೆಂದು ಸರ್ಕಾರ ನಿಯಮ ಮಾಡಿತು. ಪ್ರೂಯಿಟ್ ಆ ನಿಯಮವನ್ನು ಭಕ್ತಿಯಿಂದ ಗೋಡೆಗೆ ಅಂಟಿಸಿ, ಅದರ ಕೆಳಗೇ ಕೂತು ಎಲ್ಲ ಪುರಾವೆಯನ್ನೂ ಹೊಸದಾಗಿ ಕೇಳುತ್ತಾರೆ. "ಗುಳ್ಳೆ ಅದೇ, ಸರಿ. ನೀರು ಅದೇನಾ? ಕಲಕಿದೋರು ಅವರೇನಾ?" ಕಚೇರಿಯ ಊಟಕ್ಕೆ ಯಾರಾದರೂ ಏಡಿ ವಡೆ ತಂದರೆ, ಹೋದ ವರ್ಷದ ಒಲೆಯಲ್ಲೇ ಬೇಯಿಸಿದ್ದೇ ಎಂದು ವಿಚಾರಿಸಿ, ಚೂರು ಮುರಿದು ಮೂಸಿ, ಉಳಿದವರು ತಿಂದು ಬದುಕಿರುವುದನ್ನು ನೋಡಿಕೊಂಡೇ ಬಾಯಿಗಿಡುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವ ಯೋಲಾಂಡಾಳಿಗೆ ಈ ಶುಕ್ರವಾರ ತಾಳ್ಮೆ ತಪ್ಪಿತು. "ಲೋವೆಲ್, ಈ ಫೈಲಿನಲ್ಲಿರೋ ಔಷಧಕ್ಕೆ ಕಾಯ್ತಿರೋ ಮಗು ಚಳಿಗಾಲ ದಾಟಲ್ಲ. ನಿಮ್ಮ ನೀರು ನೀವೇ ಕುಡೀರಿ, ಮೊದಲು ಸಹಿ ಹಾಕಿ!" ಅಷ್ಟರಲ್ಲಿ ಫೋನ್ ಬಂತು. ಪ್ರೂಯಿಟ್ ದನಿ ಮೆತ್ತಗಾಯಿತು. "ಹೌದು ತಾಯಿ... ಗುಲಾಬಿ ಗಿಡ ಚಿಗುರಿತಾ?" ಅವರು ಫೋನ್ ಇಟ್ಟ ಮೇಲೆ ಯೋಲಾಂಡಾ, "ಯಾರದು?" ಎಂದಳು. "ಹಿಂದೊಮ್ಮೆ ಫೈಲು ತೆರೀದೇನೇ 'ಅದೇ ಗುಳ್ಳೆ' ಅಂತ ಬರೆದು ಸಹಿ ಹಾಕಿಬಿಟ್ಟಿದ್ದೆ ಕಣಮ್ಮ. ಆ ಔಷಧದಿಂದ ಮಗಳನ್ನ ಕಳಕೊಂಡ ತಾಯಿ. ಪ್ರತಿ ಶುಕ್ರವಾರ ಫೋನ್ ಮಾಡ್ತಾರೆ. ಒಂದ್ಸಲಾನೂ ಬೈದಿಲ್ಲ." ಯೋಲಾಂಡಾ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು. "ಅರ್ಧ ಫೈಲು ಇತ್ತ ಕೊಡಿ. ಓದಿಯೇ ಸಹಿ ಹಾಕೋಣ, ಆದರೆ ಇವತ್ತೇ."