ರಂಗನಾಥನ ಕಂಪ್ಯೂಟರಿಗೊಂದು ಜಗಲಿ

ಜಗಳೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮದುವೆ ಕಾರ್ಡು ಮಾಡಿಕೊಡುವ ರಂಗನಾಥನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನ ಕಾರ್ಡಿನಲ್ಲಿ ಅವತ್ತಿನವರೆಗೆ ಒಂದು ತಪ್ಪೂ ನುಸುಳಿರಲಿಲ್ಲ. ಇನ್ನೊಂದು, ಕಂಪ್ಯೂಟರ್ ವಿದ್ಯೆಯನ್ನು ಯಾರ ಕಾಲೂ ಹಿಡಿಯದೆ ವಿಡಿಯೋ ನೋಡಿಯೇ ಕಲಿತಿದ್ದ. ಮೊದಲನೆಯ ಹೆಮ್ಮೆಗೆ ಎರಡನೆಯದೇ ಮುಳುವಾಯಿತು.

ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಲ್ಲಿ ವಧೂವರರ ಫೋಟೋಗಿಂತ ವೈರಸ್ಸೇ ಜಾಸ್ತಿ. ಹೋದ ವರ್ಷ ಹಾಗೆ ಬಂದ ಒಂದು ವೈರಸ್ಸು ಅವನ ಕಂಪ್ಯೂಟರನ್ನು ಗುಡಿಸಿ ಗುಂಡಾಂತರ ಮಾಡಿತ್ತು. ಕೊನೆಗೆ ಯಾವುದೋ ವಿಡಿಯೋದಲ್ಲಿ ಉಪಾಯ ಸಿಕ್ಕಿತು. ವಿಂಡೋಸ್ ಓಡುತ್ತಿರುವ ಕಂಪ್ಯೂಟರಿನೊಳಗೇ ವರ್ಚುವಲ್ ಮಷಿನ್ ಎಂಬ ಇನ್ನೊಂದು ಕಂಪ್ಯೂಟರನ್ನು ಹುಟ್ಟಿಸುವುದು, ಅದರೊಳಗೆ ವಿಂಡೋಸ್ ಬದಲು ಲಿನಕ್ಸ್ ಕೂರಿಸುವುದು. ಹೊರಗಿನ ಪೆನ್‌ಡ್ರೈವ್ ಏನೇ ಹಾವಳಿ ಮಾಡಿದರೂ ಅಲ್ಲೇ ಮಾಡಿಕೊಂಡು ಸಾಯಬೇಕು.

"ನಮ್ಮನೆ ಜಗಲಿ ಇದ್ದಂಗೆ ಕಣೇ," ಎಂದು ಹೆಂಡತಿ ಚೌಡೇಶ್ವರಿಗೆ ವಿವರಿಸಿದ. "ಗುರುತಿಲ್ದೋರನ್ನ ಜಗಲಿ ಮ್ಯಾಲೆ ಕೂರಿಸ್ತೀವಿ, ಒಳಗೆ ಬಿಡಲ್ಲ. ಹಂಗೇ ಇದು."

"ಇರೋ ಒಂದನ್ನೇ ನೆಟ್ಟಗೆ ನಡೆಸಾಕೆ ಬರಲ್ಲ ನಿಮಗೆ, ಅದರ ಹೊಟ್ಟೇಲಿ ಇನ್ನೊಂದಾ?" ಎಂದಳು ಅವಳು.

ಅವಳ ಬಾಯಿಗೆ ಸಕ್ಕರೆ ಹಾಕಬೇಕು. ಹೊಸದಾಗಿ ಬಂದವನು ಹಸಿದಿರಬಾರದೆಂದು ರಂಗನಾಥ ಮೆಮೊರಿಯ ಮುಕ್ಕಾಲು ಪಾಲನ್ನು ಲಿನಕ್ಸಿಗೇ ಬಡಿಸಿಬಿಟ್ಟಿದ್ದ. ಉಪವಾಸ ಬಿದ್ದ ವಿಂಡೋಸ್ ಅಲ್ಲಾಡದೆ ನಿಂತಿತು, ಅದರ ಹೊಟ್ಟೆಯಲ್ಲಿದ್ದ ಲಿನಕ್ಸೂ ನಿಂತಿತು. ಮತ್ತೆ ಅಳಿಸಿ ಮತ್ತೆ ಕೂರಿಸಿದ. ಈ ಸಲ ಮೌಸಿನ ಬಾಣ ಲಿನಕ್ಸಿನ ಕಿಟಕಿಯೊಳಗೆ ಹೋದದ್ದು ಹೊರಗೆ ಬರಲೊಲ್ಲದು. ಅರ್ಧ ದಿನ ಮೌಸನ್ನು ಮೇಜಿಗೆ ಕುಕ್ಕಿದ ಮೇಲೆ ಅದಕ್ಕೂ ಒಂದು ಗುಂಡಿ ಇದೆಯೆಂದು ಗೊತ್ತಾಯಿತು.

ಅಂತೂ ಒಂದು ಶುಕ್ರವಾರ ಎಲ್ಲ ಸರಿಹೋಯಿತು. ಮಾನಿಟರಿಗೆ ಕುಂಕುಮ ಇಟ್ಟು, ಕೀಬೋರ್ಡಿನ ಪಕ್ಕ ನಿಂಬೆಹಣ್ಣು ಕೊಯ್ದು ಪೂಜೆ ಮಾಡಿದ. ಮೊದಲ ಕೆಲಸ ಶುಭದ್ದೇ ಆಗಲೆಂದು ಅಕ್ಕ ಸಾವಂತ್ರಮ್ಮನ ಮಗಳು ವಿಜಯಶ್ರೀಯ ಮದುವೆ ಕಾರ್ಡನ್ನು ಲಿನಕ್ಸಿನೊಳಗೇ ಜೋಡಿಸಿದ. ಆಮೇಲೆ ವಿಡಿಯೋದವನು ಹೇಳಿದಂತೆ ಸ್ನ್ಯಾಪ್‌ಶಾಟ್ ತೆಗೆದಿಟ್ಟ. ಮುಂದೆ ಏನೇ ಕೆಟ್ಟರೂ ಒಂದು ಗುಂಡಿ ಒತ್ತಿದರೆ ಲಿನಕ್ಸು ಈ ಗಳಿಗೆಯಲ್ಲಿ ಇದ್ದಂತೆಯೇ ಆಗಿಬಿಡುತ್ತದೆ ಎಂದಿದ್ದ ಅವನು.

ಕೆಟ್ಟಾಗ ಒತ್ತು ಎಂದದ್ದನ್ನು ರಂಗನಾಥ ದಿನಾ ಒತ್ತತೊಡಗಿದ. ಬೆಳಗ್ಗೆ ಅಂಗಡಿ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಿ, ಲಿನಕ್ಸನ್ನು ಪೂಜೆಯ ದಿನಕ್ಕೆ ವಾಪಸ್ ಕರೆತಂದರೇನೇ ಅವನಿಗೆ ಸಮಾಧಾನ. ಅವತ್ತಿನ ಕಾರ್ಡನ್ನು ಅವತ್ತೇ ಪ್ರಿಂಟ್ ಹಾಕಿ ಕೊಟ್ಟುಬಿಡುತ್ತಿದ್ದ. ಹಾಗಾಗಿ ನಿನ್ನೆಯ ಕಸದ ಜೊತೆ ನಿನ್ನೆಯ ಕೆಲಸವೂ ಗುಡಿಸಿಹೋಗುತ್ತಿದೆಯೆಂದು ಹೊಳೆಯಲೇ ಇಲ್ಲ.

ಹೀಗಿರುವಾಗ ಒಂದು ಸಂಜೆ ವಿಜಯಶ್ರೀಯ ಅಪ್ಪ, ಭಾವ ದುರುಗಪ್ಪ ಅಂಗಡಿಗೆ ಬಂದ. ಕುರಿ ಸಾಕುವ ಆಸಾಮಿ, ಮಾತು ಕಮ್ಮಿ, ಸಿಟ್ಟು ಜಾಸ್ತಿ. ಪರದೆಯ ಮೇಲೆ 'ಸುಖಾಗಮನ ಬಯಸುವವರು' ಎಂಬಲ್ಲಿ ಬೆರಳಿಟ್ಟ. ಅಲ್ಲಿ ಅವನ ತಮ್ಮ ಮಾಲತೇಶನ ಹೆಸರಿತ್ತು. ಅಣ್ಣ ಮಗನಂತೆ ಸಾಕಿದ್ದ ಟಗರನ್ನು ಕೇಳದೆ ಸಂತೆಯಲ್ಲಿ ಮಾರಿ, ಹೆಂಡತಿಯ ಊರು ಹೊನ್ನಾಳಿ ಸೇರಿಕೊಂಡವನು. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ.

"ಇವನ ಹೆಸರು ತೆಗಿ."

"ಭಾವ, ಅಕ್ಕ ಬರೆಸಿದ್ದು..."

"ಆ ಹೆಸರು ಕಾರ್ಡಿನಾಗೆ ಉಳೀತೋ, ಸೋದರಮಾವ ಅಂತ ನೀನೂ ಮದುವೆಗೆ ಬರಬ್ಯಾಡ."

ವಿಜಯಶ್ರೀಯನ್ನು ಹೆಗಲ ಮೇಲೆ ಹೊತ್ತು ಜಗಳೂರೆಲ್ಲ ತಿರುಗಿಸಿದವನು ರಂಗನಾಥ. ಅವಳನ್ನು ಹಸೆಮಣೆಗೆ ಕೈಹಿಡಿದು ಕರೆತರುವುದು ಸೋದರಮಾವನ ಹಕ್ಕು, ಅದು ತಪ್ಪಿದರೆ ಬದುಕಿದ್ದೂ ಏನು ಎನ್ನಿಸಿತು. ಕೂಡಲೇ ಹೆಸರು ಅಳಿಸಿದ, ಪ್ರತಿ ಅಕ್ಷರ ಓದಿ ತೋರಿಸಿದ. ನಾಳೆ ದಿನ ಚೆನ್ನಾಗಿದೆ, ನಾಳೆಯೇ ಪ್ರಿಂಟ್ ಹಾಕು ಎಂದು ಹೇಳಿ ಭಾವ ಹೊರಟ.

ಮರುದಿನ ರಂಗನಾಥ ಅಂಗಡಿ ಗುಡಿಸಿದ, ನೀರು ಹಾಕಿದ, ಊದಿನಕಡ್ಡಿ ಹಚ್ಚಿದ, ಗುಂಡಿ ಒತ್ತಿದ. ನಿನ್ನೆ ಓದಿದ್ದನ್ನು ಇವತ್ತು ಮತ್ತೆ ಓದುವುದೇಕೆ ಎಂದು ಸೀದಾ ಪ್ರಿಂಟ್ ಹಾಕಿ, ಕಟ್ಟನ್ನು ಅಕ್ಕನ ಮನೆಗೆ ಮುಟ್ಟಿಸಿ, ಅಲ್ಲೇ ಊಟಕ್ಕೆ ನಿಂತ. ಸಾವಂತ್ರಮ್ಮ ಒಂದು ಕಾರ್ಡು ಎತ್ತಿ ಓದಿದಳು, ಕಣ್ಣು ತುಂಬಿತು, ಕಾರ್ಡು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು.

ಮಧ್ಯಾಹ್ನ ದುರುಗಪ್ಪ ಬಂದವನೇ ಕೈಕಾಲು ತೊಳೆದು, ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿಣ ಹಚ್ಚಿ ಮನೆದೇವರ ಮುಂದಿಟ್ಟು ಅಡ್ಡಬಿದ್ದ. ಆಮೇಲೆ ಕನ್ನಡಕ ಏರಿಸಿ ಇನ್ನೊಂದು ಕಾರ್ಡು ತೆಗೆದು ಓದಿದ. ಓದುತ್ತ ಓದುತ್ತ ಮೀಸೆ ನಡುಗಿತು.

"ಏನೋ ಇದು ರಂಗ?"

ರಂಗನಾಥ ಇಣುಕಿದ. "ನಾನು ತೆಗೆದಿದ್ದೆ ಭಾವ, ನಿಮ್ಮ ಎದುರಿಗೇ. ಲಿನಕ್ಸು ಪೂಜೆ ದಿನಕ್ಕೆ ವಾಪಸ್ ಹೋಗೈತೆ."

"ಯಾವನು ಕಳಿಸಿದ್ದು?"

"ನಾನೇ. ದಿನಾ ಕಳಿಸ್ತೀನಿ."

ದುರುಗಪ್ಪ ಇಡೀ ಕಟ್ಟನ್ನು ಹರಿಯಲು ಎತ್ತಿಕೊಂಡ. ದೇವರ ಕಡೆ ನೋಡಿದ, ಕೈ ನಿಂತಿತು. ಅರಿಶಿಣ ಹಚ್ಚಿ ದೇವರಿಗೆ ಕೊಟ್ಟ ಕಾರ್ಡೆಂದರೆ ದೇವರಿಗೆ ಹೇಳಿದ ಮಾತು. ಅದರಲ್ಲೊಂದು ಹೆಸರು, ಊರಿಗೆ ಹಂಚುವುದರಲ್ಲಿ ಇನ್ನೊಂದು ಆಗುವಂತಿಲ್ಲ.

ಸಾವಂತ್ರಮ್ಮ ಅಡುಗೆಮನೆಯಿಂದಲೇ ತಣ್ಣಗೆ ಹೇಳಿದಳು. "ನಾನು ಆಗ್ಲೇ ಫೋಟೋ ಹೊಡೆದು ಹೊನ್ನಾಳಿಗೆ ಕಳಿಸೀನಿ. ಮಾಲತೇಶ ಬಸ್ ಹತ್ತ್ಯಾನಂತೆ."

ಫೋನಿನಲ್ಲಿ ಫೋಟೋ ಕಳಿಸಲು ಬರುವುದಿಲ್ಲವೆಂದು ಇಷ್ಟು ವರ್ಷ ಹೇಳಿಕೊಂಡು ಬಂದವಳು ಅವಳು.

ಸಂಜೆ ಮಾಲತೇಶ ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ. ಒಳಗೆ ಕಾಲಿಡುವ ಧೈರ್ಯವಾಗದೆ ಜಗಲಿಯ ತುದಿಯಲ್ಲಿ ಕುಳಿತ. ದುರುಗಪ್ಪ ಹೊರಗೆ ಬಂದು ನಿಂತ.

"ಅಣ್ಣ, ನನ್ ಹೆಸರು ಹಾಕಿಸ್ತೀಯ ಅಂತ ಅನ್ಕಂಡಿರ್ಲಿಲ್ಲ," ಎಂದ ಮಾಲತೇಶ.

ರಂಗನಾಥ ಪ್ರಾಮಾಣಿಕ ಮನುಷ್ಯ. ಸ್ನ್ಯಾಪ್‌ಶಾಟಿನ ವಿಷಯ ಮೊದಲಿಂದ ವಿವರಿಸೋಣವೆಂದು ಬಾಯಿ ತೆರೆದ. ಸಾವಂತ್ರಮ್ಮ ಅವನ ಕಾಲನ್ನು ಬಲವಾಗಿ ತುಳಿದಳು.

ದುರುಗಪ್ಪ ತಮ್ಮನ ಕೈಯಿಂದ ಚೀಲ ತೆಗೆದುಕೊಂಡ. "ಮನೆ ಮಗಳ ಮದುವೆ. ಹೆಸರು ಹಾಕ್ದೆ ಇರಾಕಾಗುತ್ತಾ?" ಎಂದ. "ಜಗಲಿ ಮ್ಯಾಲೆ ಯಾಕೆ ಕೂತಿ, ಹೊರಗಿನೋನಂಗೆ? ಒಳಗೆ ಬಾ."

ರಾತ್ರಿ ಊಟಕ್ಕೆ ಕುಳಿತಾಗ ದುರುಗಪ್ಪ ರಂಗನಾಥನ ಕಡೆ ವಾಲಿ ಮೆಲ್ಲಗೆ ಕೇಳಿದ. "ಆ ನಿನ್ ಮಿಷಿನ್ನು, ಟಗರು ಮಾರೋದಕ್ಕಿಂತ ಮುಂಚಿನ ದಿನಕ್ಕೂ ಹೋಗುತ್ತಾ?"

"ಇಲ್ಲ ಭಾವ. ಪೂಜೆ ದಿನದಿಂದ ಹಿಂದಕ್ಕೆ ಹೋಗಲ್ಲ."

"ಹೋಗಿದ್ದಷ್ಟೇ ಸಾಕು ಬಿಡು," ಎಂದು ದುರುಗಪ್ಪ ತಮ್ಮನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿದ.