ಅರ್ಧ ನಿಮಿಷದ ಉರಿ

ದೃಷ್ಟಿ, ಗಾಳಿ, ಮೈಮೇಲೆ ಬರುವುದು ಇಂಥದ್ದೆಲ್ಲ ಕೇಳಿದರೆ ನನಗೆ ನಗು ಬರುತ್ತಿತ್ತು. ಜಯನಗರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಹದಿನಾರು ವರ್ಷದಿಂದ ಎಂ.ಆರ್.ಐ. ಟೆಕ್ನಿಷಿಯನ್ ನಾನು. ಮನುಷ್ಯರ ತಲೆಯೊಳಗೆ ಏನಿದೆಯೆಂದು ದಿನಾ ನೋಡುವವಳು. ಅಲ್ಲಿ ಕಾಣಿಸದ್ದು ಇಲ್ಲವೇ ಇಲ್ಲ ಎಂದು ನಂಬಿಕೊಂಡಿದ್ದೆ. ಈಗ ಇದನ್ನು ಬರೆಯುತ್ತಿರುವುದು ನಿಮ್ಮನ್ನು ನಂಬಿಸಲಿಕ್ಕಲ್ಲ. ನಾಚಿಕೆಯನ್ನು ಎಷ್ಟು ದಿನ ಅಂತ ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದು, ಅದಕ್ಕೆ.

ನಮ್ಮತ್ತೆಗೆ ಸರ್ಪಸುತ್ತು ಆಗಿತ್ತು. ಎಡಪಕ್ಕೆಯಲ್ಲಿ, ಬೆನ್ನಿನಿಂದ ಎದೆಯ ಕೆಳಗಿನವರೆಗೆ ಗುಳ್ಳೆಗಳ ಪಟ್ಟಿ. ನಮ್ಮ ಮನೆ ಸಾರಕ್ಕಿಯ ಹಳೇ ಊರಿನೊಳಗಿದೆ. ಅತ್ತೆ ಮೊದಲು ಹೋದದ್ದು ಗುಳ್ಳೆಯ ಸುತ್ತ ಕೆಮ್ಮಣ್ಣು ಬರೆಯುವ ಅಜ್ಜಿಯ ಹತ್ತಿರ. ನಾನು ಕೂಗಾಡಿ ಮಾತ್ರೆ ಕೊಡಿಸಿದೆ. ಗುಳ್ಳೆ ಒಣಗಿತು, ಹಕ್ಕಳೆ ಉದುರಿತು, ನೋವು ಮಾತ್ರ ಹೋಗಲಿಲ್ಲ. ಎರಡು ವರ್ಷ ಕಳೆದರೂ ರವಿಕೆ ತಾಗಿದರೆ ಉರಿ ಎನ್ನುವರು. ಎರಡು ಬೆರಳಲ್ಲಿ ರವಿಕೆಯ ಬಟ್ಟೆ ಹಿಡಿದು ಮೈಯಿಂದ ದೂರ ಎಳೆದುಕೊಂಡೇ ಮನೆಯೆಲ್ಲ ಓಡಾಡುವರು. ಸೊಪ್ಪು ಬಿಡಿಸುವುದೂ ಒಂದೇ ಕೈಯಲ್ಲಿ.

ನನಗೆ ಅದು ಬರೀ ನಾಟಕವಾಗಿ ಕಾಣುತ್ತಿತ್ತು. ವಿಡಿಯೋ ಕಾಲಿನಲ್ಲಿ ತಂಗಿಗೆ ಅವರ ಹಾಗೆಯೇ ನೈಟಿ ಎಳೆದು ತೋರಿಸಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೇವೆ. ಒಂದು ದಿನ ಅತ್ತೆಯ ಮುಖಕ್ಕೇ ಹೇಳಿದೆ: "ಗಾಯ ಇಲ್ಲ, ಗುಳ್ಳೆ ಇಲ್ಲ, ಇನ್ನೆಲ್ಲಿ ನೋವು ಅತ್ತೆ? ಪಾತ್ರೆ ತೊಳೆಯೋ ಹೊತ್ತಿಗೇ ಸರಿಯಾಗಿ ಬರುತ್ತಲ್ಲ!" ಅವರು ಎದ್ದು ಹೋಗಿ ಪಾತ್ರೆ ತೊಳೆದರು.

ಆ ಹೊತ್ತಿಗೆ ನಮ್ಮ ಸೆಂಟರಿನಲ್ಲಿ ಒಬ್ಬ ಡಾಕ್ಟರು ನರದ ನೋವಿನ ಮೇಲೆ ಸಂಶೋಧನೆ ಶುರುಮಾಡಿದ್ದರು. ಗಾಯ ಮಾಯ್ದ ಮೇಲೂ ವರ್ಷಗಟ್ಟಲೆ ಉಳಿಯುವ ನೋವು ಮಿದುಳಿನಲ್ಲಿ ಹೇಗೆ ಕಾಣುತ್ತದೆಂದು ನೋಡುವ ಕೆಲಸ. ರೋಗಿ ಯಂತ್ರದೊಳಗೆ ಮಲಗಬೇಕು. ದೀಪ ಹತ್ತಿದಾಗ ಪಕ್ಕದಲ್ಲಿ ನಿಂತವರು ನೋಯುವ ಜಾಗವನ್ನು ಮೆತ್ತನೆಯ ಬ್ರಷ್ಷಿನಿಂದ ಅರ್ಧ ನಿಮಿಷ ಸವರಬೇಕು, ಆರಿದಾಗ ನಿಲ್ಲಿಸಬೇಕು. ಹೀಗೆ ನಾಲ್ಕು ಸರದಿ. ನೋವು ಹೆಚ್ಚಿದಾಗ ರೋಗಿ ಕೈಯಲ್ಲಿರುವ ಗುಂಡಿ ಒತ್ತಬೇಕು. ಸವರುವ ಕೆಲಸ ನನ್ನದು.

ಮುಚ್ಚಿಡುವುದೇಕೆ, ಅತ್ತೆಯ ಹೆಸರನ್ನು ನಾನೇ ಕೊಟ್ಟೆ, ಅವರ ಬಂಡವಾಳ ಬಯಲು ಮಾಡಲಿಕ್ಕೆ. ಚಿತ್ರದಲ್ಲಿ ಏನೂ ಕಾಣದಿದ್ದರೆ ಇನ್ನು ಬಾಯಿ ತೆಗೆಯುವಂತಿಲ್ಲವಲ್ಲ! ಅತ್ತೆಗೆ ಅದು ಗೊತ್ತಿಲ್ಲ. ಖುಷಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, "ನೀನಾದ್ರೂ ನಂಬಿದ್ಯಲ್ಲ ಕಣಮ್ಮ" ಎಂದರು. ಸ್ಕ್ಯಾನಿಗೆ ತಾಳಿ ತೆಗೆಯಬೇಕೆಂದು ಹೇಳಿದ್ದೆ. ಕೊರಳು ಬರಿದಾಗಬಾರದೆಂದು ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಮನೆಯಿಂದಲೇ ಹಾಕಿಕೊಂಡು ಬಂದಿದ್ದರು. ತಾಳಿಸರ ಬಿಚ್ಚಿ ನನ್ನ ಕೈಗಿಟ್ಟು, "ನಿನ್ ಹತ್ರನೇ ಇರ್ಲಿ, ಬೇರೆಯವ್ರಿಗ್ ಕೊಡ್ಬೇಡ" ಎಂದರು.

ಮಧ್ಯಾಹ್ನ ಮೂರು ಗಂಟೆ. ಗಾಜಿನಾಚೆ ಕಂಪ್ಯೂಟರಿನ ಮುಂದೆ ಜೊತೆಗಾರ ಮಂಜು, ಒಳಗೆ ನಾವಿಬ್ಬರು. ಮೊದಲನೇ ಸರದಿ ಸವರಿದೆ, ಅತ್ತೆ ಗುಂಡಿ ಒತ್ತಿದರು. ಎರಡನೆಯದಕ್ಕೂ ಒತ್ತಿದರು. ಮೂರನೆಯದಕ್ಕೆ ನನ್ನೊಳಗಿನ ಕೆಟ್ಟ ಬುದ್ಧಿ ಎದ್ದಿತು. ದೀಪ ಹತ್ತಿದಾಗ ಬ್ರಷ್ ತಾಗಿಸಲೇ ಇಲ್ಲ. ಮೈಯಿಂದ ಒಂದು ಗೇಣು ಮೇಲೆ ಹಿಡಿದು ಸುಮ್ಮನೆ ಗಾಳಿಯಲ್ಲಿ ಆಡಿಸಿದೆ. ಈಗಲೂ ಒತ್ತಿದರೆ ಸುಳ್ಳು ಸಿಕ್ಕಿಬಿತ್ತು ಎಂದುಕೊಂಡೆ.

ಅತ್ತೆ ಒತ್ತಲಿಲ್ಲ. ಅಷ್ಟರಲ್ಲಿ ನನ್ನ ಎಡಪಕ್ಕೆಯಲ್ಲಿ, ಬೆನ್ನಿನಿಂದ ಎದೆಯ ಕೆಳಗಿನವರೆಗೆ, ಹಸಿಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿ ಎದ್ದಿತು. ಅಯ್ಯೋ ದೇವರೇ, ಅದೆಂಥ ಉರಿ! ಯೂನಿಫಾರ್ಮಿನ ಬಟ್ಟೆ ತಾಗುವುದೇ ತಡೆಯಲಾಗಲಿಲ್ಲ. ಉಸಿರು ಎಳೆದರೆ ಬಟ್ಟೆ ಜರುಗುತ್ತದೆಂದು ಉಸಿರನ್ನೂ ಹಿಡಿದೆ. ಕಣ್ಣಲ್ಲಿ ನೀರು ಬಂತು. ದೀಪ ಆರಿತು, ಉರಿಯೂ ಆರಿತು. ಏನೂ ಆಗೇ ಇಲ್ಲವೇನೋ ಎಂಬಂತೆ ನಿಂತಿದ್ದೆ.

ನಾಲ್ಕನೆಯ ಸರದಿಗೆ ಹೇಗೋ ಸವರಿದೆ. ಅತ್ತೆ ಒತ್ತಿದರು.

ಹೊರಗೆ ಬಂದಾಗ ಮಂಜು ಕೇಳಿದ: "ಏನ್ ಮೇಡಂ, ಇರುವೆ ಕಚ್ತಾ? ಎರಡು ಬೆರಳಲ್ಲಿ ಯೂನಿಫಾರ್ಮ್ ಎಳ್ಕೊಂಡು ನಿಂತಿದ್ರಿ." ಆ ಭಂಗಿಯನ್ನು ಮಾಡಿಯೂ ತೋರಿಸಿದ. ನಾನು ತಂಗಿಗೆ ಮಾಡಿ ತೋರಿಸುತ್ತಿದ್ದದ್ದು ಅದೇ.

ಡಾಕ್ಟರಿಗೆ "ಮೂರನೇದಕ್ಕೆ ಬ್ರಷ್ ಸರಿಯಾಗಿ ತಾಗಲಿಲ್ಲ ಸಾರ್" ಎಂದಷ್ಟೇ ಹೇಳಿದೆ. ಅದೂ ಅರ್ಧ ಸುಳ್ಳೇ. ಅವರು ಆ ಸರದಿಯನ್ನು ಬಿಟ್ಟರು. ಉಳಿದ ಮೂರನ್ನು ನೋಡಿ, "ಪಾಪ, ಇಷ್ಟು ನೋವು ಇಟ್ಕೊಂಡು ಹೇಗ್ರೀ ಓಡಾಡ್ತಾರೆ?" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆಟೋದಲ್ಲಿ ಬರುವಾಗ ಅತ್ತೆ ಕೇಳಿದರು: "ಮೂರನೇ ಸಲ ಅದೇನ್ ಮಾಡ್ದೆ ಕಣೆ ನೀನು?"

ಸಿಕ್ಕಿಬಿದ್ದವಳು ನಾನು. "ಯಾಕತ್ತೆ?" ಎಂದೆ.

"ಒಂದ್ ಗಳಿಗೆ ಎಲ್ಲಾ ಹೋಗ್ಬಿಡ್ತು. ಮುಟ್ಟಿದ್ರೆ ಆಗೋದು ಮಾತ್ರ ಅಲ್ಲ, ಹಗಲೂ ರಾತ್ರಿ ಒಳಗೇ ಉರೀತದಲ್ಲ, ಅದೂ. ಯಾರೋ ಕೈಯಿಂದ ಎತ್ಕೊಂಡಂಗೆ ಆಯ್ತು. ನಿನ್ ಕೈಗುಣ ಒಳ್ಳೇದು ಕಣಮ್ಮ."

ನಾನು ರಸ್ತೆ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ. ಅತ್ತೆ ಸಂತೋಷದ ಅಳು ಎಂದುಕೊಂಡು ಬೆನ್ನು ಸವರಿದರು.

ಬಹಳ ಯೋಚಿಸಿದ್ದೇನೆ. ನನ್ನ ತಪ್ಪಿನ ಅರಿವೇ ಮೈಗೆ ಇಳಿದಿರಬಹುದು. ಬ್ರಷ್ ತಾಗದಿದ್ದರೆ ಅತ್ತೆಗೆ ಸವರಿದ ನೋವು ಇರಲಿಕ್ಕಿಲ್ಲ, ಅದನ್ನೂ ಒಪ್ಪೋಣ. ಆದರೆ ಅತ್ತೆಯ ಒಳಗಿನ ಉರಿ ಆ ಅರ್ಧ ನಿಮಿಷ ಎಲ್ಲಿಗೆ ಹೋಯಿತು? ನನಗೆ ಗೊತ್ತಿಲ್ಲ. ಆ ಅರ್ಧ ನಿಮಿಷದಲ್ಲೇ ನಾನು ಸಾಕಾಗಿಹೋದವಳು. ಅವರು ಎರಡು ವರ್ಷ ಅದನ್ನು ಹೊತ್ತುಕೊಂಡು ನಮಗೆ ಸಾರು ಮಾಡಿ ಬಡಿಸಿದರು, ನನ್ನ ಮಾತು ಕೇಳಿ ಪಾತ್ರೆ ತೊಳೆದರು.

ನಿಜ ಸಂಗತಿಯನ್ನು ಅತ್ತೆಗೆ ಇವತ್ತಿಗೂ ಹೇಳಿಲ್ಲ. ಡಾಕ್ಟರ ಮಾತ್ರೆಯಿಂದ ನೋವು ಒಂದಿಷ್ಟು ಇಳಿದಿದೆ, ಹೋಗಿಲ್ಲ. ಅಕ್ಕಪಕ್ಕದವರಿಗೆಲ್ಲ ಅವರು ಸೊಸೆಯ ಕೈಗುಣವನ್ನೇ ಹೊಗಳುತ್ತಾರೆ. ಸಂಜೆ ನಾನು ಕೆಲಸ ಮುಗಿಸಿ ಬಂದರೆ ಮಗ್ಗುಲಾಗಿ ಮಲಗಿ, "ಅವತ್ತಿನ ಹಂಗೆ ಒಂದ್ಸಲ ಮಾಡೆ" ಎನ್ನುತ್ತಾರೆ. ನಾನು ಅವರ ಪಕ್ಕೆಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ಕೂರುತ್ತೇನೆ. ಬಾ, ನನಗೇ ಬಾ ಎಂದು ಆ ಉರಿಯನ್ನು ಮನಸ್ಸಿನಲ್ಲೇ ಕರೆಯುತ್ತೇನೆ. ಬರುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಈಗ ವಾಸಿ ಕಣಮ್ಮ, ಹೋಗಿ ಕಾಫಿ ಕುಡಿ" ಎನ್ನುತ್ತಾರೆ. ಎರಡು ಬೆರಳಲ್ಲಿ ರವಿಕೆ ಹಿಡಿದುಕೊಂಡೇ.